ಇಪ್ಪತ್ತೆರಡನೇ ನಂಬರಿನ ಉಸಿರು

“ಈ ಇಪ್ಪತ್ತೆರಡನೇ ನಂಬರಿನವರಿಗೆ ವಿಷಯ ಗೊತ್ತಾ, ಸರ್?”

ವಿಶ್ವವಿದ್ಯಾಲಯದ ಸಂಶೋಧನೆಗಳ ಮೌಲ್ಯಮಾಪನಕ್ಕೆ ಬಂದಿದ್ದ ಹೆಂಗಸು ಕಡತದಿಂದ ತಲೆಯೆತ್ತದೆ ಕೇಳಿದರು. ಪ್ರಾಧ್ಯಾಪಕರು ತಬ್ಬಿಬ್ಬಾದರು. ಬೆಳಗ್ಗೆಯಿಂದ ಎಲ್ಲ ಸಲೀಸಾಗಿ ನಡೆದಿತ್ತು. ಮರದ ಪುಡಿಯಲ್ಲಿ ಕೆಲಸ ಮಾಡುವವರ ಶ್ವಾಸಕೋಶದ ಬಗ್ಗೆ ಅವರು ಬರೆದ ಪ್ರಬಂಧ ಹೆಸರಾಂತ ಪತ್ರಿಕೆಯಲ್ಲಿ ಅಚ್ಚಾಗಿತ್ತು. ನಲವತ್ತು ಕೆಲಸಗಾರರ ಒಪ್ಪಿಗೆ ಪತ್ರಗಳಲ್ಲಿ ಒಂದು ಸಹಿಯೂ ತಪ್ಪಿರಲಿಲ್ಲ.

“ಹೆಸರು ಯಾರಿಗೂ ಹೇಳೋ ಹಾಗಿಲ್ಲ, ಮೇಡಂ. ಪಟ್ಟೀನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀನಿ.”

“ಹೆಸರು ನನಗೆ ಬೇಡ. ನಲವತ್ತು ಜನರಲ್ಲಿ ಇವರದ್ದೇ ತೀರಾ ಕಮ್ಮಿ, ಅರ್ಧ ಉಸಿರೂ ಇಲ್ಲ. ಅದು ಅವರಿಗೆ ಗೊತ್ತಾ ಅಂತ ಕೇಳಿದೆ.”

“ವರದಿಯ ಪ್ರತಿ ಕಾರ್ಖಾನೆ ಮಾಲೀಕರಿಗೆ ಕಳಿಸಿದ್ವಿ...”

“ಉಸಿರು ಮಾಲೀಕರದ್ದಾ?”

ಮೌಲ್ಯಮಾಪನಕ್ಕೆ ತುಂಬಿಕೊಟ್ಟ ನಮೂನೆಯಲ್ಲಿ ‘ಅಧ್ಯಯನಕ್ಕೆ ಒಳಗಾದವರಿಗೆ ಫಲಿತಾಂಶ ತಲುಪಿದೆಯೇ?’ ಎಂಬ ಪ್ರಶ್ನೆಯ ಮುಂದೆ ಪ್ರಾಧ್ಯಾಪಕರೇ ‘ಹೌದು’ ಎಂದು ಬರೆದಿದ್ದರು. ಹೆಂಗಸು ಆ ಹಾಳೆಯನ್ನು ಬಿಡಿಸಿ ಅವರ ಕೈಗೇ ಕೊಟ್ಟರು. “ನಾಲ್ಕು ಅಂಕ ಕಳೆದು ಎದ್ದು ಹೋಗೋದು ನನಗೇನು ಕಷ್ಟ ಅಲ್ಲ. ಅದರಿಂದ ಇವರಿಗೇನು ಬಂತು? ಮುಂದಿನ ವಾರ ಮತ್ತೆ ಬರ್ತೀನಿ. ಅಷ್ಟರಲ್ಲಿ ಇದನ್ನ ನಿಜ ಮಾಡಿ.”

ಅವರು ಹೋದ ಮೇಲೆ ಪ್ರಾಧ್ಯಾಪಕರು ಬೀರು ತೆಗೆದರು. ಇಪ್ಪತ್ತೆರಡರ ಎದುರು ಇದ್ದ ಹೆಸರು ಕಂಡೊಡನೆ ಮುಖ ನೆನಪಾಯಿತು. ಕಾರ್ಖಾನೆಯಲ್ಲಿ ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹೆಂಗಸು. ಉಸಿರಿನ ಪರೀಕ್ಷೆಯ ದಿನ ಕೊಳವೆ ಊದುತ್ತಾ ಊದುತ್ತಾ ನಗು ತಡೆಯಲಾರದೆ ಮೂರು ಸಲ ಮೊದಲಿನಿಂದ ಶುರು ಮಾಡಿದ್ದವಳು. ಎದೆಯ ಡಾಕ್ಟರೊಬ್ಬರಿಗೆ ಫೋನ್ ಮಾಡಿ ಮರುದಿನಕ್ಕೆ ಸಮಯ ಕೇಳಿಕೊಂಡು, ಅದೇ ಮಧ್ಯಾಹ್ನ ಅವರು ಕಾರ್ಖಾನೆಗೆ ಹೊರಟರು.

ದೊಡ್ಡಕ್ಕ ನೆಲದ ಮೇಲೆ ಕುಳಿತು ಕುರ್ಚಿಯ ಕಾಲು ಉಜ್ಜುತ್ತಿದ್ದಳು. ಹುಬ್ಬಿನ ಮೇಲೆಲ್ಲ ಮರದ ಪುಡಿ.

“ಓಹೋ, ಬಲೂನ್ ಸಾರು! ಮತ್ತೆ ಊದ್ಬೇಕಾ?” ಸುತ್ತಲಿದ್ದವರೆಲ್ಲ ನಕ್ಕರು.

ಪ್ರಾಧ್ಯಾಪಕರು ಅವಳನ್ನು ಹೊರಗೆ, ಹಲಗೆ ಜೋಡಿಸಿಟ್ಟ ಕಡೆ ಕರೆದುಕೊಂಡು ಹೋದರು. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ಬಾಯಿ ಅಲ್ಲಿ ತಡವರಿಸಿತು. ಶ್ವಾಸಕೋಶ ಸೋತಿದೆ, ಈ ಪುಡಿಯಿಂದ ದೂರ ಇರಬೇಕು, ನಾಳೆ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ, ಮಾಲೀಕರ ಹತ್ತಿರ ಬೇರೆ ಕೆಲಸದ ಮಾತೂ ಆಡುತ್ತೇನೆ ಎಂದು ಹೇಗೋ ಹೇಳಿ ಮುಗಿಸಿದರು.

ದೊಡ್ಡಕ್ಕ ತಲೆ ತಗ್ಗಿಸಿ ಅಂಗೈಗೆ ಅಂಟಿದ್ದ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು.

“ಮಗಳ ಮನೆ ಮೂರನೇ ಮಹಡಿ, ಸಾರ್. ಹತ್ತೋಕಾಗ್ದೆ ಹೋಗೋದೇ ಬಿಟ್ಬಿಟ್ಟೆ. ಅಮ್ಮಂಗೆ ನನ್ಮೇಲೆ ಏನೋ ಕೋಪ ಅಂದ್ಕೊಂಡಿದಾಳೆ ಅವಳು. ನಾನು ವಯಸ್ಸಾಯ್ತೇನೋ, ಸೋಮಾರಿ ಆಗ್ಬಿಟ್ನೇನೋ ಅಂತ ನನ್ನನ್ನೇ ಬೈಕೊಂಡೆ.” ಆಮೇಲೆ ತಲೆಯೆತ್ತಿದಳು. “ನಿಮಗೆ ಯಾವಾಗ ಗೊತ್ತಾಯ್ತು?”

ಸುಳ್ಳು ಹೇಳಬಹುದಿತ್ತು. “ಒಂದು ವರ್ಷ ಎರಡು ತಿಂಗಳಾಯ್ತು,” ಎಂದರು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು: “ಅಷ್ಟು ದಿನ ಏನ್ಮಾಡ್ತಿದ್ರಿ ಸಾರ್?”

“ಅದನ್ನೇ ಬರೀತಿದ್ದೆ,” ಎಂದರು ಪ್ರಾಧ್ಯಾಪಕರು.