ಅಚ್ಚಿನ ಹಿಂದಿನ ಭಾರ

ಮೆಲ್ಬರ್ನ್ ದಾರಿಯಲ್ಲಿ, ಆಲ್ಬರಿ ಊರು ಇನ್ನೇನು ಬಂತು ಎನ್ನುವಾಗ ಟ್ರೇಲರ್ ಬಾಲ ಆಡಿಸಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಬೈಕಿನ ಬೆನ್ನನ್ನು ಯಾರೋ ಹಿಡಿದು ಜಗ್ಗಿದಂತಾಯಿತು. ದಿವಾಕರ ಬ್ರೇಕ್ ಮುಟ್ಟಲಿಲ್ಲ. ಹಲ್ಲು ಕಚ್ಚಿ, ಹ್ಯಾಂಡಲ್ ನೆಟ್ಟಗೆ ಹಿಡಿದು, ವೇಗ ತಾನಾಗಿಯೇ ಇಳಿಯಲು ಬಿಟ್ಟ.

ತಪ್ಪು ಯಾರದೆಂದು ಅವನಿಗೆ ಗೊತ್ತಿತ್ತು. ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನ ಮನೆಯ ಗರಾಜಿನಲ್ಲಿ ಎರಡು ತಿಂಗಳು ಕೂತು ಆ ಪುಟ್ಟ ಟ್ರೇಲರನ್ನು ಬೈಕಿಗೆ ಹೊಂದಿಸಿದವನು ಅವನೇ. ಕೊಂಡಿ ಕೂರಿಸಿದ್ದ, ಕೊಂಡಿ ಬಿಟ್ಟರೂ ಇರಲೆಂದು ಎರಡು ಸರಪಣಿ ಹಾಕಿದ್ದ, ದೀಪಕ್ಕೆ ವೈರು ಎಳೆದಿದ್ದ. ಅಕ್ಕಿ ಮೂಟೆ ಹೇರಿ ಬೀದಿಯಲ್ಲಿ ಓಡಿಸಿ ನೋಡಿದ್ದ. ಭಾರ ಯಾವಾಗಲೂ ಗಾಲಿಯ ಅಚ್ಚಿಗಿಂತ ಮುಂದಿರಬೇಕು. ಹಿಂದಕ್ಕೆ ಹೋಯಿತೋ, ಟ್ರೇಲರ್ ಬೈಕನ್ನೇ ಆಡಿಸುತ್ತದೆ. ನಿನ್ನೆಯೆಲ್ಲ ಅದು ಸಾಕಿದ ಕರುವಿನ ಹಾಗೆ ಹಿಂದೆ ಬಂದಿತ್ತು.

ಇವತ್ತು ಬೆಳಿಗ್ಗೆ ಆರಕ್ಕೆ, ಟೆಂಟು ಮಡಿಸುತ್ತಿದ್ದಾಗ ಹೆಂಡತಿ ಹಂಸಾಳ ಫೋನ್ ಬಂತು.

“ಪೆಟ್ಟಿಗೆ ಹುಷಾರು ರೀ, ತೆಗೀಬೇಡಿ. ಹನ್ನೊಂದರೊಳಗೆ ಟ್ರುಗನಿನಾ ಹಾಲ್ ಹತ್ರ ಬನ್ನಿ.”

“ಹಾಲ್ ಯಾಕೆ? ನೀನಿರೋದು ನಿನ್ನ ಫ್ರೆಂಡ್ ಅಪರ್ಣನ ಮನೇಲಿ ತಾನೆ?”

“ಅಯ್ಯೋ, ಬನ್ನಿ ಅಂದ್ರೆ ಬನ್ನಿ.”

ಅವಳ ಹಿಂದೆ ಗಂಡಸಿನ ನಗು. “ಅಲ್ಲಾಡಿಸ್ದೆ ತನ್ನಿ ಮಾರಾಯ್ರೆ! ನಿಮ್ಮ ಟ್ರೇಲರ್ ನಂಬಿಯೇ ನಾವು ಕೂತಿರುದು.”

ಪ್ರೀತಮ್. ಹಂಸಾಳ ಕಾಲೇಜಿನ ಗೆಳೆಯ, ಹೆಂಡತಿ ತೀರಿಕೊಂಡು ಒಂಟಿಯಾಗಿರುವವನು. ಮನೆ ಕ್ರಾನ್‌ಬರ್ನ್‌ನಲ್ಲಿ, ಮೆಲ್ಬರ್ನ್‌ನ ಆ ತುದಿ. ಬೆಳಿಗ್ಗೆ ಆರಕ್ಕೆ ಈ ತುದಿಯ ಟ್ರುಗನಿನಾದಲ್ಲಿ ಇವನಿಗೇನು ಕೆಲಸ? ಬಂದದ್ದು ಬೆಳಿಗ್ಗೆಯೋ, ನಿನ್ನೆಯೋ?

ದಿವಾಕರ ಪೆಟ್ಟಿಗೆಯನ್ನು ಮೊಣಕೈಯಿಂದ ನೂಕಿ ಟ್ರೇಲರಿನ ಹಿಂತುದಿಗೆ ತಳ್ಳಿದ. ಮುಂದೆ ತನ್ನ ಟೆಂಟು ಇಟ್ಟ.

ಹಂಸಾ ಡಾಕ್ಟರು. ಆರು ವಾರದ ಕೆಲಸವೆಂದು ಮೆಲ್ಬರ್ನ್‌ಗೆ ಹೋದವಳು. ಅವಳಿಗೆ ಈ ಬೈಕ್ ಕಂಡರಾಗದು. ‘ನನ್ನ ಸವತಿ’ ಎಂದೇ ಕರೆಯುವುದು. ಅಂಥವಳು, ಮನೆಗೊಂದು ಪೆಟ್ಟಿಗೆ ಬಂದದ್ದೇ, “ಟ್ರೇಲರ್ ಕಟ್ಕೊಂಡು ನೀವೇ ತನ್ನಿ” ಎಂದಿದ್ದಳು. ಯಾವಾಗ ಮಾಡಿದರೂ ಅವಳ ಫೋನ್ ಎಂಗೇಜ್. ಮೈಸೂರಿನ ಅಕ್ಕ ತಾರಾಳ ಹತ್ತಿರ ತೋಡಿಕೊಂಡರೆ, “ಅವಳು ಹೇಳಿದಂಗೆ ಕೇಳೋ” ಎಂದು ಆಕೆಯೂ ಫೋನಿಟ್ಟಿದ್ದಳು. ಲೈಸೆನ್ಸಿನಲ್ಲಿ ಐವತ್ತೆಂಟೆಂದು ಬರೆದಿರುವ ಗಂಡಸಿಗೆ ಹೊಟ್ಟೆಕಿಚ್ಚು ಹೊಸದು. ಹೊಸ ಚಪ್ಪಲಿಯ ಹಾಗೆ ಹೆಜ್ಜೆ ಹೆಜ್ಜೆಗೂ ಕಚ್ಚುತ್ತಿತ್ತು.

ಆಲ್ಬರಿಯಲ್ಲಿ ಮರ್ರೆ ನದಿಯ ದಡಕ್ಕೆ ಬೈಕ್ ನಿಲ್ಲಿಸಿದ. ಟ್ರೇಲರಿನ ಮುಚ್ಚಳ ಎತ್ತಿದ. ಕುಲುಕಾಟಕ್ಕೆ ಪೆಟ್ಟಿಗೆಯ ಮೂಲೆ ಹರಿದು ಕೆಂಪು ರೇಷ್ಮೆ ಇಣುಕುತ್ತಿತ್ತು. ಮುಂದಕ್ಕೆ ಎಳೆದಿಟ್ಟರೆ ಸಾಕಿತ್ತು. ಕೈ ಟೇಪಿಗೆ ಹೋಯಿತು.

ಕೆಂಪಂಚಿನ ಧಾರೆ ಸೀರೆ. ಜರಿ ಪಂಚೆ, ಶಲ್ಯ. ಎರಡು ಬಾಸಿಂಗ. ತಾಮ್ರದ ಕಲಶಗಳು. ಪೇಪರಿನಲ್ಲಿ ಸುತ್ತಿದ ಮಣ್ಣಿನ ಹಣತೆಗಳ ರಾಶಿ. ಎಣಿಸುವ ತಾಳ್ಮೆ ಅವನಿಗಿರಲಿಲ್ಲ. ಮೈಸೂರಿನ ಅಂಗಡಿಯ ಚೀಟಿ: ‘ಹೆಣ್ಣು, ಹಂಸಾ.’ ಗಂಡಿನ ಹೆಸರಿರಲಿಲ್ಲ, ಶರ್ಟಿನ ಅಳತೆಯಿತ್ತು. ನಲವತ್ತೆರಡು. ಪ್ರೀತಮ್ ಹೆಚ್ಚುಕಡಿಮೆ ದಿವಾಕರನಷ್ಟೇ ದಪ್ಪ.

ಕುಂಕುಮದ ಭರಣಿ ತೆರೆದ. ಅರಿಶಿನ ದಾರದಲ್ಲಿ ಎರಡು ಚಿನ್ನದ ಬೊಟ್ಟು.

ಡಿವೋರ್ಸಿನ ಮಾತೇ ಎತ್ತಿಲ್ಲ, ಆಗಲೇ ಮದುವೆ! ಅದೂ ಮೂವತ್ತು ವರ್ಷ ಬಾಳಿಸಿದ ಗಂಡನ ಟ್ರೇಲರಿನಲ್ಲೇ ತಾಳಿ ತರಿಸಿಕೊಂಡು!

“ಅದು ಹೇಗೆ ಕಟ್ಟಿಸ್ಕೋತೀಯೋ ನೋಡ್ತೀನಿ,” ಎಂದು ನದಿಗೆ ಹೇಳಿದ. ಇದ್ದ ಬಲವೆಲ್ಲ ಹಾಕಿ ತಾಳಿಯನ್ನು ಬೀಸಿ ಎಸೆದ. ಬಿದ್ದ ಸದ್ದೂ ಕೇಳಲಿಲ್ಲ. ಒಂದು ಬಾತುಕೋಳಿ ಮಾತ್ರ ಆ ಕಡೆ ತಿರುಗಿ ನೋಡಿತು.

ಭರಣಿ ಮುಚ್ಚಿ, ಎಲ್ಲವನ್ನೂ ತುಂಬಿ, ಪೆಟ್ಟಿಗೆಯನ್ನು ಅಚ್ಚಿನ ಮುಂದೆ ಬಿಗಿದು ಕಟ್ಟಿದ. ಟ್ರೇಲರ್ ಮತ್ತೆ ಕರುವಾಯಿತು. ಮೂರೂವರೆ ಗಂಟೆಯ ದಾರಿಯುದ್ದಕ್ಕೂ ಹಂಸಾಳಿಗೆ ಕೇಳಬೇಕಾದದ್ದನ್ನೆಲ್ಲ ಹೆಲ್ಮೆಟ್ಟಿನೊಳಗೆ ಕೂಗಿ ಕೂಗಿ ಅಭ್ಯಾಸ ಮಾಡಿದ.

ಗೋದಾಮುಗಳ ಸಾಲಿನ ಹಿಂದೆ ಹಾಲ್. ಬಾಗಿಲಿಗೆ ಮಾವಿನೆಲೆ ತೋರಣ. ರೇಷ್ಮೆ ಶರ್ಟು ತೊಟ್ಟ ಪ್ರೀತಮ್ ಓಡಿ ಬಂದು ಪೆಟ್ಟಿಗೆ ಹೊತ್ತು ಒಳಗೆ ಹೋದ. ಹಂಸಾ ಹೊಸಿಲ ಮೇಲೆ ನಿಂತಿದ್ದಳು. ತಲೆ ತುಂಬ ಮಲ್ಲಿಗೆ. ಮೂವತ್ತು ವರ್ಷದ ಹಿಂದೆ ನಾಚಿದಂತೆಯೇ ನಾಚುತ್ತಿದ್ದಳು.

“ಮದುಮಗಳು ಚೆನ್ನಾಗೇ ಇದ್ದಾಳೆ,” ಎಂದ ದಿವಾಕರ, ಹೆಲ್ಮೆಟ್ ತೆಗೆಯದೆ. “ಗಂಡಿಗೆ ಯಾವಾಗ ಮಾತು ಕೊಟ್ಟೆ?”

“ಹಳೇ ಮಾತು,” ಎಂದು ಅವಳು ನಕ್ಕಳು. “ಪೆಟ್ಟಿಗೆ ತೆಗೆದ್ರಿ ಅಲ್ವಾ? ನನಗೆ ಗೊತ್ತಿತ್ತು.”

ಅವನು ಬಾಯಿ ತೆರೆದ. ಮಾತು ಹೊರಡುವ ಮೊದಲೇ ಒಳಗಿಂದ ಎಣಿಸುವ ದನಿ ಕೇಳಿಸಿತು. “ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಹಣತೆ ಸರಿಯಾಗಿದೆ.” ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವಳು, ಮೈಸೂರಿನಲ್ಲಿರಬೇಕಾಗಿದ್ದ ಅಕ್ಕ ತಾರಾ. ಅವನ ಕೈಗೆ ಜರಿ ಪಂಚೆ ತುರುಕಿದಳು.

“ಹಾಗೇನೋ ನೋಡ್ತೀಯ, ಪೆದ್ದ? ಸ್ಕೂಲಿಗೆ ಸೇರಿಸೋವಾಗ ಅಪ್ಪ ನಿನ್ನ ವಯಸ್ಸು ಎರಡು ವರ್ಷ ಕಡಿಮೆ ಬರೆಸಿದ್ರು. ಇವತ್ತಿಗೆ ನಿನಗೆ ಅರವತ್ತು ತುಂಬಿತು ಕಣೋ. ಹೇಳಿದ್ರೆ ಷಷ್ಟ್ಯಬ್ದಿ ಗಿಷ್ಟ್ಯಬ್ದಿ ಬೇಡ ಅಂತ ಓಡಿಹೋಗ್ತಿದ್ದೆ. ನಡಿ, ಇದನ್ನ ಉಟ್ಕೊಂಡು ಆ ಕುಂಕುಮದ ಭರಣಿ ತಗೊಂಬಾ. ಮುಹೂರ್ತಕ್ಕೆ ಹತ್ತೇ ನಿಮಿಷ ಇದೆ, ನಿನ್ನ ಹೆಂಡ್ತಿಗೆ ಇನ್ನೊಂದ್ಸಲ ನೀನೇ ತಾಳಿ ಕಟ್ಟಬೇಕು.”