ಒಂದು ಸಾಲಿನ ತಿದ್ದುಪಡಿ

ಕವಿಯನ್ನು ಊರಿಂದ ಗಡೀಪಾರು ಮಾಡಿದ ನ್ಯಾಯಾಧೀಶನ ಹೆಂಡತಿ ಕರಿ ಬಟ್ಟೆ ಉಟ್ಟು, ಬೆಟ್ಟ ದಾಟಿ ಆ ಕವಿಯ ಬಾಗಿಲಿಗೆ ಬಂದಳು. ಕವಿ ತನ್ನ ನರಕದ ಕಾವ್ಯದಲ್ಲಿ ಆ ನ್ಯಾಯಾಧೀಶನನ್ನು, ಬದುಕಿದ್ದಾಗಲೇ, ಹೆಸರು ಹಿಡಿದು ಕುದಿಯುವ ಎಣ್ಣೆಗೆ ಹಾಕಿದ್ದ.

“ಆ ಪದ್ಯ ಬಂದಮೇಲೆ ಪಾದ್ರಿ ಕೂಡ ನಮ್ಮ ಹೊಸ್ತಿಲು ತುಳೀಲಿಲ್ಲ, ಸ್ವಾಮಿ. ಸಂತೆಯಲ್ಲಿ ಮಕ್ಕಳು ‘ಎಣ್ಣೆ ಕಾದಿದೆಯಾ?’ ಅಂತ ನಮ್ಮ ಯಜಮಾನರನ್ನ ಅಟ್ಟಿಸಿಕೊಂಡು ಬರ್ತಿದ್ದವು. ಹೋದ ವಾರ ಬಾವಿಗೆ ಹಾರಿ ಪ್ರಾಣ ಬಿಟ್ಟರು. ಇನ್ನಾದರೂ ಅವರನ್ನ ಎಣ್ಣೆಯಿಂದ ಎತ್ತಿಬಿಡಿ.”

ಕವಿ ಆ ಪದ್ಯದ ಹಾಳೆಯನ್ನು ತೆಗೆದು ಮುಂದಿಟ್ಟುಕೊಂಡ. ಅವನ ಕಣ್ಣು ಒದ್ದೆಯಾದಂತೆ ಅವಳಿಗೆ ಕಂಡಿತು.

“ಎತ್ತಲೇಬೇಕು, ತಾಯಿ.”

ಅವಳು ಅವನ ಕಾಲಿಗೆ ಬಿದ್ದಳು.

ಕವಿ ಲೇಖನಿಯನ್ನು ಮಸಿಗೆ ಅದ್ದಿದ. “ಆತ್ಮಹತ್ಯೆ ಮಾಡಿಕೊಂಡವರ ಜಾಗ ಅದಕ್ಕಿಂತ ಕೆಳಗೆ.”