ಕರಿ ಚುಕ್ಕಿ

ಒಂಬತ್ತನೇ ತರಗತಿಯ ಹೊಳಿಯಮ್ಮನ ಡ್ರಾಯಿಂಗ್ ಪುಸ್ತಕದ ಕೊನೆಯ ಪುಟ ತೆರೆದದ್ದೇ, ಸುಮಂಗಲಾ ಟೀಚರ್ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ಪುಟದ ತುಂಬ ಒಂದೇ ಹೆಸರು. ರಫೀ, ರಫೀ, ರಫೀ. ಪ್ರತಿ ಹೆಸರಿನ ಕೊನೆಗೂ ಗಿಳಿಯ ಬಾಲದಂಥ ಉದ್ದನೆಯ ಗೆರೆ.

ಕುಷ್ಟಗಿಯ ಜ್ಯೂಸ್ ಅಂಗಡಿಗಳ ಬೋರ್ಡು, ಲಾರಿಗಳ ಹಿಂಬದಿ, ಎಲ್ಲಿ ನೋಡಿದರೂ ಈ ಬಾಲದ ಸಹಿಯೇ. ಪೇಂಟರ್ ರಫೀ ಹೋದ ತಿಂಗಳು ಹೈಸ್ಕೂಲಿನ ಗೇಟಿಗೆ ಹೆಸರು ಬರೆಯಲು ಬಂದಿದ್ದ. ಎರಡೇ ದಿನ. ಅಷ್ಟಕ್ಕೇ ಒಂಬತ್ತನೇ ತರಗತಿಯ ಮಕ್ಕಳೆಲ್ಲ ಅವನ ಏಣಿಯ ಕೆಳಗೆ ಠಿಕಾಣಿ ಹೂಡಿದ್ದರು. ಸುಮಂಗಲಾ ಇಲ್ಲಿ ಚಿತ್ರಕಲೆ ಕಲಿಸತೊಡಗಿ ಹದಿನಾಲ್ಕು ವರ್ಷ. ಅವಳ ದುಂಡನೆಯ ಅಕ್ಷರ ಕರಿಹಲಗೆಯ ಮೇಲೆ ದಿನಾ ಕಾಣುತ್ತಿತ್ತು. ಒಂದು ಮಗುವಾದರೂ ಅವಳ ಸಹಿ ತಿದ್ದಿತ್ತೆ? ಇಲ್ಲ.

ಸಾಲದೆಂಬಂತೆ ಶಾಲೆಯ ಹೊಸ ಗ್ರಂಥಾಲಯದ ಗೋಡೆಯ ಮಾತು ಬಂತು. ಅದರ ಮೇಲೆ ದೊಡ್ಡ ಚಿತ್ರ ಬರೆಸಬೇಕು, ಬರೆದವರ ಹೆಸರು ಕೆಳಗೆ ಕಾಯಂ ಇರಬೇಕು. ಗೋಡೆ ಎದ್ದಾಗಿನಿಂದ ಸುಮಂಗಲಾ ಅದನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದಳು.

"ರಫೀನೂ ಕೇಳ್ಯಾನ, ನೀವೂ ಕೇಳೀರಿ," ಅಂದರು ಹೆಡ್ ಮಾಸ್ತರ ಮುನವ್ವರ ಸರ್. "ನಾ ಯಾರಿಗಂತ ಕೊಡ್ಲಿ? ಇಬ್ರೂ ಒಂದೇ ಹಣ್ಣು ನೋಡಿ ಬರೀರಿ. ಹೆಸರು ಹಾಳಿ ಹಿಂದ ಇರ್ಲಿ. ಮಕ್ಕಳೇ ಆರಿಸ್ಲಿ."

ಹೊಳಿಯಮ್ಮ ತಮ್ಮ ತೋಟದಿಂದ ದಾಳಿಂಬೆ ತಂದಳು. ರಫೀ ಖಾಲಿಯಿದ್ದ ಹೆಡ್ ಮಾಸ್ತರ ಕೋಣೆಯಲ್ಲಿ ಒಬ್ಬನೇ ಕೂತು ಒಂದು ತಾಸಿನಲ್ಲಿ ಬರೆದ. ಆಮೇಲೆ ಅದೇ ಹಣ್ಣು ಸ್ಟಾಫ್ ರೂಮಿಗೆ ಬಂತು, ಸುಮಂಗಲಾ ಬರೆದಳು. ಅವಳು ಮುಗಿಸಿ ಹಾಳೆಯ ಹಿಂದೆ ಪೆನ್ಸಿಲ್ಲಿನಿಂದ ಹೆಸರು ಹಾಕುವ ಹೊತ್ತಿಗೆ ರಫೀ ಬಂದು, ಅದೇ ಪೆನ್ಸಿಲ್ಲಿನಿಂದ ತನ್ನ ಹಾಳೆಯ ಹಿಂದೆಯೂ ಹೆಸರು ಬರೆದು, ಬಾಲ ಎಳೆದು, ಅವಳ ಕೈಗೇ ಕೊಟ್ಟ.

"ಕೊಪ್ಪಳದಾಗ ಹೋಟೆಲ್ ಬೋರ್ಡಿಂದು ಕೆಲಸ ಐತ್ರಿ ಅಕ್ಕಾರ, ಬಸ್ಸಿಗೆ ಹೊತ್ತಾತು. ನನ್ನ ಹಾಳಿ ನಿಮ್ಮ ಕೈಯಾಗ ಐತಿ. ಇನ್ನ ನನಗೇನ ಚಿಂತಿ?"

ಅವನು ಹೋದ. ಸುಮಂಗಲಾ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟಳು. ರಫೀಯ ದಾಳಿಂಬೆ ಕೆಂಪಗೆ ಮಿರಿಮಿರಿ ಮಿಂಚುತ್ತಿತ್ತು, ಒಂದು ಕಲೆಯಿಲ್ಲ. ಅವಳದರ ಮೇಲೆ ಸಣ್ಣ ಬಿರುಕು, ಪಕ್ಕದಲ್ಲೊಂದು ಕರಿ ಚುಕ್ಕಿ. ಹಣ್ಣಿನ ಮೇಲೆ ಇತ್ತಲ್ಲ. ಇದ್ದದ್ದನ್ನು ಬಿಡಲು ಕೈ ಒಪ್ಪಿರಲಿಲ್ಲ. ಈಗ ಆ ಕೈಯನ್ನೇ ಶಪಿಸಿದಳು. ಅಂಗಡಿಯ ಬೋರ್ಡು ಬರೆಯುವವನ ಮುಂದೆ ಡಿಪ್ಲೊಮಾ ಮಾಡಿದವಳು ಸೋಲುವುದೆ? ಅವನ ಆ ಕೆಂಪು ನೋಡಿದಷ್ಟೂ ಅವಳಿಗೆ ಮೈಯೆಲ್ಲ ಉರಿಯಿತು.

ರಬ್ಬರು ಕೈಗೆತ್ತಿಕೊಂಡಳು. ಬಣ್ಣದ ಚುಕ್ಕಿ ರಬ್ಬರಿಗೆ ಹೋಗುತ್ತದೆಯೆ? ಹದಿನಾಲ್ಕು ವರ್ಷ ಪಾಠ ಹೇಳಿದವಳಿಗೆ ಅಷ್ಟೂ ಗೊತ್ತಿಲ್ಲವೆ! ಗಂಟೆ ಹೊಡೆದಾಗ ಮೇಜಿನ ಮೇಲಿನ ರಬ್ಬರಿನ ಪುಡಿ ಊದಿ ಎದ್ದಳು. ಕರಿ ಚುಕ್ಕಿ ಇದ್ದಲ್ಲೇ ಇತ್ತು.

ತರಗತಿಯಲ್ಲಿ ಎರಡೂ ಚಿತ್ರಗಳನ್ನು ಮೇಜಿನ ಮೇಲೆ ಒರಗಿಸಿದರು. ಒಬ್ಬೊಬ್ಬರ ಕೈಗೂ ಒಂದೊಂದು ಹುಣಸೆ ಬೀಜ. ಆರಿಸುವ ಮೊದಲು ಸುಮಂಗಲಾ ಕೇಳಿದಳು: "ಛಲೋ ಚಿತ್ರಕಾರ ಅಂದ್ರ ಯಾರು? ಹೇಳ್ರಿ ನೋಡೋಣು."

"ಬಣ್ಣ ಗೆರಿ ದಾಟದಂಗ ತುಂಬೋರ್ರಿ," ಅಂದ ಸಿದ್ದಾರ್ಥ.

"ನೋಡಿದ ಕೂಡ್ಲೆ ಬಾಯಾಗ ನೀರು ಬರೂಹಂಗ ಬರಿಯೋರ್ರಿ," ಅಂದಳು ಹಸೀಬಾ.

"ಶಾಬಾಸ್!" ಅಂದಳು ಸುಮಂಗಲಾ, ತುಸು ಜೋರಾಗಿಯೇ.

ಹೊಳಿಯಮ್ಮ ನಿಧಾನಕ್ಕೆ ಎದ್ದಳು. "ಕಂಡದ್ದನ್ನ ಮುಚ್ಚಿಡಲಾರದವ್ರರಿ, ಟೀಚರ್."

ಟೀಚರಿಗೆ ಕೆಮ್ಮು ಬಂತು.

ಮಕ್ಕಳು ಸಾಲಾಗಿ ಬಂದರು. ಮೊದಲ ಬೀಜ ಕರಿ ಚುಕ್ಕಿಯ ದಾಳಿಂಬೆಯ ಮುಂದೆ ಬಿತ್ತು. ಎರಡನೆಯದೂ ಅಲ್ಲೇ. ಮೂರನೆಯದೂ. ಸುಮಂಗಲಾ ಮೇಜಿನ ಅಂಚು ಹಿಡಿದಳು. ಬಾಯಲ್ಲಿ ನೀರು ಬರಿಸುವ ಮಾತಾಡಿದ ಹಸೀಬಾ ಕೂಡ ಚುಕ್ಕಿಯನ್ನು ಬಗ್ಗಿ ನೋಡಿ ಬೀಜವನ್ನು ಅಲ್ಲೇ ಇಟ್ಟಳು.

"ಯಾಕವಾ, ಆ ಕೆಂಪಂದು ಛಲೋ ಇಲ್ಲೇನು?" ಮುನವ್ವರ ಸರ್ ಕೇಳಿದರು.

"ಅದು ಜ್ಯೂಸ್ ಅಂಗಡಿ ಹಣ್ಣರಿ, ಸರ್," ಹೊಳಿಯಮ್ಮ ಎಲ್ಲರ ಪರವಾಗಿ ಹೇಳಿದಳು. "ಇದು ನಮ್ಮ ಗಿಡದ್ದು. ಚುಕ್ಕಿ ಬಿದ್ದ ಹಣ್ಣು ಅಪ್ಪ ಬ್ಯಾರೆ ಬುಟ್ಟಿಗೆ ಹಾಕ್ತಾನ. ಅದನ್ನ ಇಷ್ಟು ಪ್ರೀತಿಲೆ ನೋಡಿದವ್ರನ್ನ ನಾ ಕಂಡಿಲ್ಲರಿ."

ಚುಕ್ಕಿಗೆ ಇಪ್ಪತ್ತನಾಲ್ಕು ಬೀಜ, ಕೆಂಪಿಗೆ ಏಳು. ಸುಮಂಗಲಾಳ ಕಣ್ಣು ತುಂಬಿತು. ಗೆದ್ದವರಿಗೂ ಕಣ್ಣೀರು ಬರುತ್ತದೆ, ಸರಿಯೇ. ಆದರೆ ಅವಳು "ಸರ್, ಹೆಸರು ನಾಳೆ ಓದೋಣ್ರಿ" ಅಂದದ್ದು ಮುನವ್ವರ ಸರ್‌ಗೆ ವಿಚಿತ್ರವೆನಿಸಿತು.

"ನಾಳೆ ಯಾಕ್ರಿ?" ಅನ್ನುತ್ತ ಅವರು ಚುಕ್ಕಿಯ ದಾಳಿಂಬೆಯನ್ನು ಎತ್ತಿ ಹಿಂದೆ ತಿರುಗಿಸಿದರು. "ರಫೀ! ಗ್ವಾಡಿ ರಫೀಂದು!"

ಮಕ್ಕಳು ಚಪ್ಪಾಳೆ ತಟ್ಟಿದರು. ಸುಮಂಗಲಾ ಕೂಡ ತಟ್ಟಿದಳು; ತಟ್ಟದೆ ಬೇರೆ ದಾರಿ ಇರಲಿಲ್ಲ. ಹೊಳಿಯಮ್ಮ ಮಾತ್ರ ತಟ್ಟಲಿಲ್ಲ. ಮೇಜಿನ ಹತ್ತಿರ ಬಂದು ಆ ಹೆಸರಿನ ಮೇಲೆ ಬೆರಳಿಟ್ಟಳು.

"ಸರ್, ಇದಕ್ಕ ಬಾಲನ ಇಲ್ಲರಿ. ಇದು ನಮ್ಮ ಟೀಚರ್ ಅಕ್ಷರ."